‘ಇಲ್ಲ’ ಅನ್ನೋ ಉತ್ತರದ ಚರಿತ್ರೆ

ಬೆಲ್ಜಿಯಂನಲ್ಲಿ 2026ರ ಜನವರಿ 1ರಿಂದ ಒಂದು ಹೊಸ ನಿಯಮ ಬಂದಿದೆ. ಅಲ್ಲಿನ ಒಂದು ಕಂಪನಿ ಇನ್ನೊಂದು ಕಂಪನಿಗೆ ಬಿಲ್ ಮಾಡಿದರೆ, ಕೆಲವು ವಿನಾಯಿತಿ ಬಿಟ್ಟು, ಅದು ಇ-ಇನ್‌ವಾಯ್ಸೇ ಆಗಿರಬೇಕು. ಪಿಡಿಎಫ್ ಮಾಡಿ ಮೇಲ್‌ನಲ್ಲಿ ಕಳಿಸಿದರೆ ಲೆಕ್ಕಕ್ಕಿಲ್ಲ. ಕಂಪ್ಯೂಟರ್ ನೇರವಾಗಿ ಓದಿಕೊಳ್ಳುವ ರಚನೆಯಲ್ಲೇ ಅದು ಇರಬೇಕು. ಹಾಗೆ ಕಳಿಸೋಕೆ ಅಲ್ಲಿ ಇರುವ ಮುಖ್ಯ ದಾರಿಯ ಹೆಸರು ಪೆಪ್ಪೋಲ್.

ಬಿಲ್ ಹೊರಡುವ ಮೊದಲು, ಕಳಿಸುವವರ ತಂತ್ರಾಂಶ ಸದ್ದಿಲ್ಲದೆ ಒಂದು ಪ್ರಶ್ನೆ ಕೇಳುತ್ತೆ: ‘ಈ ಗಿರಾಕಿ ನಮ್ಮ ಜಾಲದಲ್ಲಿ ಇದ್ದಾರಾ?’ ಆ ಪ್ರಶ್ನೆ ಹೋಗೋದು ಯಾವುದೋ ತೆರಿಗೆ ಇಲಾಖೆಯ ಸರ್ವರ್‌ಗೆ ಅಂತ ನೀವು ಅಂದುಕೊಂಡಿರಬಹುದು. ಅಲ್ಲ. ಅದು ಹೋಗೋದು ಡಿಎನ್‌ಎಸ್‌ಗೆ. ಬೆಳಿಗ್ಗೆ ನೀವು ಸುದ್ದಿ ಓದೋಕೆ ವೆಬ್‌ಸೈಟಿನ ಹೆಸರು ಟೈಪ್ ಮಾಡಿದಾಗ ಆ ಹೆಸರಿಗೆ ನಂಬರ್ ಹುಡುಕಿಕೊಟ್ಟ, ನಲವತ್ತು ವರ್ಷ ಹಳೆಯ, ಇಂಟರ್ನೆಟ್ಟಿನ ಅದೇ ವಿಳಾಸ ಪುಸ್ತಕಕ್ಕೆ.

ಬೆಂಗಳೂರಿನಲ್ಲಿ ಕೂತು ಯುರೋಪಿನ ಗಿರಾಕಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆಯೋದು ನನ್ನ ಹೊಟ್ಟೆಪಾಡು. ಈ ಪ್ರಶ್ನೆ ಕೇಳುವ ಕೋಡು ಹತ್ತು ಸಾಲು ದಾಟಲ್ಲ. ‘ಇದ್ದಾರೆ’ ಅಂತ ಉತ್ತರ ಬಂದರೆ ಮುಂದಿನ ಕೆಲಸ ಸಲೀಸು. ತಲೆ ಕೆಡಿಸೋದು ‘ಇಲ್ಲ’ ಅನ್ನೋ ಉತ್ತರ. ಅದನ್ನ ಹೇಳ್ತಿರೋದು ಯಾರು? ಅವರಿಗೆ ಹೇಗೆ ಗೊತ್ತು? ಈ ಕ್ಷಣದ ಮಾತೋ, ಎರಡು ಗಂಟೆ ಹಿಂದಿನ ಮಾತೋ? ಈ ಪ್ರಶ್ನೆಗಳ ಬಾಲ ಹಿಡಿದು ಹೋದರೆ ಒಂದು ಒಳ್ಳೆ ಚರಿತ್ರೆ ಸಿಗುತ್ತೆ.

ಶುರುವಿನಲ್ಲಿ ಇದ್ದದ್ದು ಒಂದೇ ಒಂದು ಪಟ್ಟಿ. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿದ್ದ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಒಂದು ಫೈಲಿನಲ್ಲಿರುತ್ತಿತ್ತು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅವರಿಗೆ ತಿಳಿಸಬೇಕು, ಅವರು ಸೇರಿಸಬೇಕು, ಉಳಿದವರೆಲ್ಲ ಹೊಸ ಫೈಲನ್ನು ಇಳಿಸಿಕೊಳ್ಳಬೇಕು. ಹಳ್ಳಿಗೊಬ್ಬ ಶಾನುಭೋಗ, ಅವನ ಕೈಲೊಂದು ಖಾತೆ ಪುಸ್ತಕ ಇದ್ದ ಹಾಗೆ. ಆಗ ‘ಇಲ್ಲ’ ಅಂದ್ರೆ ಪುಸ್ತಕದಲ್ಲಿ ಬರೆದಿಲ್ಲ ಅಂತ, ಅಷ್ಟೇ. ಪುಸ್ತಕ ಹಳೆಯದಾಗಿದ್ರೆ ‘ಇಲ್ಲ’ವೂ ಹಳೆಯದು.

ಜಾಲ ಬೆಳೆದಂತೆ ಒಬ್ಬ ಶಾನುಭೋಗ ಸಾಲದಾದ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್‌ನ ವಿನ್ಯಾಸ ಬರೆದರು. 1987ರ ನವೆಂಬರ್‌ನಲ್ಲಿ ಅದರ ಪರಿಷ್ಕೃತ ರೂಪ ಬಂತು. ಇವತ್ತಿಗೂ ನಡೀತಿರೋದು ಅದೇ. ಇಲ್ಲಿ ಪುಸ್ತಕವನ್ನು ಹೋಳು ಮಾಡಿ ಒಂದೊಂದು ಹೋಳನ್ನು ಒಬ್ಬೊಬ್ಬರಿಗೆ ವಹಿಸಿದರು. ಒಂದು ಹೋಳಿಗೆ ಯಾರು ಯಜಮಾನರೋ, ಅದರೊಳಗಿನ ಹೆಸರು ‘ಇದೆ’ ಅನ್ನೋ ಅಧಿಕಾರ ಅವರದ್ದು. ‘ಇಲ್ಲ’ ಅನ್ನೋ ಅಧಿಕಾರವೂ ಅವರದ್ದೇ. ಹೆಸರೇ ಇಲ್ಲ ಅನ್ನೋದಕ್ಕೆ ಪ್ರೋಟೊಕಾಲಿನಲ್ಲಿ 3 ಅಂತ ಒಂದು ಸಂಖ್ಯೆ ಇಟ್ಟರು. ನಾವು ಅದನ್ನ ‘ಎನ್‌ಎಕ್ಸ್‌ಡೊಮೈನ್’ ಅಂತ ಕರೀತೀವಿ.

ಇದರ ಜತೆಗೆ ಇನ್ನೂ ಎರಡು ಬಗೆಯ ‘ಸಿಗಲಿಲ್ಲ’ ಇವೆ. ಹೆಸರಿದೆ, ಆದ್ರೆ ನೀವು ಕೇಳಿದ ಬಗೆಯ ಮಾಹಿತಿ ಅದರಡಿ ಇಲ್ಲ ಅನ್ನೋದು ಒಂದು. ಸರ್ವರ್ ಎಡವಿತು ಅಥವಾ ಉತ್ತರವೇ ಬರಲಿಲ್ಲ ಅನ್ನೋದು ಇನ್ನೊಂದು. ಅಂಚೆಯಣ್ಣನ ಭಾಷೆಯಲ್ಲಿ ಹೇಳೋದಾದ್ರೆ, ‘ಆ ನಂಬರಿನ ಮನೆಯೇ ಇಲ್ಲ’, ‘ಮನೆ ಇದೆ, ಆ ಹೆಸರಿನವರು ಇಲ್ಲ’, ‘ಮಳೆ ಬಂದು ರಸ್ತೆ ಮುಳುಗಿತ್ತು, ಹೋಗೋಕೆ ಆಗಲಿಲ್ಲ’. ಮೂರೂ ಸಲ ಕಾಗದ ತಲುಪಿಲ್ಲ. ಆದ್ರೆ ಮೂರೂ ಒಂದೇ ಅಂದ್ರೆ ಒಪ್ಪೋಕಾಗುತ್ತಾ?

1990ರ ದಶಕದ ಕೊನೆಗೆ ಕೆಲವರಿಗೆ ಒಂದು ಉಪಾಯ ಹೊಳೀತು. ಡಿಎನ್‌ಎಸ್ ಜಗತ್ತಿನ ಮೂಲೆಮೂಲೆಯಲ್ಲೂ ಇದೆ, ಬೇಗ ಉತ್ತರ ಕೊಡುತ್ತೆ, ಕಾಸು ಕೇಳಲ್ಲ. ಇದನ್ನ ಬರೀ ವಿಳಾಸಕ್ಕೆ ಯಾಕೆ ಬಳಸಬೇಕು, ‘ಪಟ್ಟಿಯಲ್ಲಿ ಹೆಸರಿದೆಯಾ’ ಅಂತ ನೋಡೋಕೆ ಯಾಕೆ ಬಳಸಬಾರದು? ಪಾಲ್ ವಿಕ್ಸಿ ಮತ್ತು ಗೆಳೆಯರು ಸ್ಪ್ಯಾಮ್ ಕಳಿಸುವ ಕಂಪ್ಯೂಟರ್‌ಗಳ ಕಪ್ಪುಪಟ್ಟಿಯನ್ನು ಡಿಎನ್‌ಎಸ್‌ನಲ್ಲಿ ಇಟ್ಟರು. ಮೇಲ್ ಬಂದ ವಿಳಾಸದ ಅಂಕಿಗಳನ್ನು ಹಿಂದುಮುಂದು ಮಾಡಿ ಒಂದು ಹೆಸರು ಕಟ್ಟಿ ಕೇಳೋದು. ಉತ್ತರ ಬಂದರೆ ಪಟ್ಟಿಯಲ್ಲಿದ್ದಾನೆ, ಮೇಲ್ ಒಳಗೆ ಬಿಡಬೇಡಿ. ‘ಹೆಸರೇ ಇಲ್ಲ’ ಅಂದರೆ ಸಾಚಾ, ಬಿಡಿ. ಬಹುಶಃ ಮೊದಲ ಸಲ ‘ಇಲ್ಲ’ ಅನ್ನೋದು ಗಿರಾಕಿ ಕಾಯುತ್ತಿದ್ದ ಒಳ್ಳೆ ಸುದ್ದಿಯಾಯಿತು. 2000ದಲ್ಲಿ ಇದೇ ಉಪಾಯ ಫೋನ್ ನಂಬರ್‌ಗಳಿಗೂ ಬಂತು. ಈನಮ್ ಅನ್ನೋ ಆ ಯೋಜನೆಯಲ್ಲಿ ಫೋನ್ ನಂಬರನ್ನು ತಿರುಗಿಸಿ ಬರೆದು ಡಿಎನ್‌ಎಸ್ ಹೆಸರು ಮಾಡಿದರೆ, ‘ನ್ಯಾಪ್ಟರ್’ ಅನ್ನೋ ಬಗೆಯ ದಾಖಲೆ ಆ ವ್ಯಕ್ತಿಯನ್ನು ಇಂಟರ್ನೆಟ್ಟಿನಲ್ಲಿ ಎಲ್ಲಿ ಹಿಡಿಯಬಹುದು ಅಂತ ಹೇಳುತ್ತಿತ್ತು. ಈನಮ್ ಜನಸಾಮಾನ್ಯರ ತನಕ ಬರಲಿಲ್ಲ. ಆದ್ರೆ ಆ ದಾಖಲೆ ಉಳೀತು, ಮುಂದೆ ನಮ್ಮ ಕತೆಗೆ ವಾಪಸ್ ಬರುತ್ತೆ.

‘ಇಲ್ಲ’ಕ್ಕೆ ಈ ಮಟ್ಟಿಗೆ ಬೆಲೆ ಬಂದ ಮೇಲೆ ಅದರ ಮೇಲೆ ಕಣ್ಣು ಬೀಳದೆ ಇರುತ್ತಾ? ಬಿತ್ತು. ಡಾಟ್ ಕಾಮ್, ಡಾಟ್ ನೆಟ್ ಹೆಸರುಗಳ ಯಜಮಾನಿಕೆ ಇದ್ದ ವೆರಿಸೈನ್ ಕಂಪನಿ 2003ರ ಸೆಪ್ಟೆಂಬರ್ 15ರಂದು ‘ಸೈಟ್ ಫೈಂಡರ್’ ಅಂತ ಒಂದು ಸೇವೆ ಶುರು ಮಾಡಿತು. ಇಲ್ಲದ ಡಾಟ್ ಕಾಮ್ ಹೆಸರನ್ನು ಯಾರಾದರೂ ಕೇಳಿದರೆ ‘ಇಲ್ಲ’ ಅನ್ನುವ ಬದಲು ತನ್ನದೇ ಹುಡುಕಾಟದ ಪುಟದ ವಿಳಾಸ ಕೊಡೋದು. ತಪ್ಪು ಟೈಪ್ ಮಾಡಿದವರಿಗೆ ಇದು ಸಹಾಯದ ಹಾಗೆ ಕಾಣಬಹುದು. ಆದ್ರೆ ರಾತ್ರೋರಾತ್ರಿ ಜಗತ್ತಿನಲ್ಲಿ ‘ಇಲ್ಲದ’ ಡಾಟ್ ಕಾಮ್ ಅನ್ನೋದೇ ಇಲ್ಲವಾಯಿತು. ಮೇಲ್ ಕಳಿಸಿದವರ ಡೊಮೈನ್ ನಿಜವಾಗಲೂ ಇದೆಯಾ ಅಂತ ನೋಡಿ ಸ್ಪ್ಯಾಮ್ ತಡೆಯುತ್ತಿದ್ದ ಸರ್ವರ್‌ಗಳಿಗೆ ಎಲ್ಲ ಸುಳ್ಳು ಹೆಸರೂ ನಿಜವಾಗಿ ಕಾಣಿಸಿತು. ದೊಡ್ಡ ಗಲಾಟೆಯೇ ಆಯ್ತು. ಹೆಸರುಗಳ ಮೇಲುಸ್ತುವಾರಿ ನೋಡುವ ಐಕ್ಯಾನ್ ಪಟ್ಟು ಹಿಡಿದ ಮೇಲೆ ಅಕ್ಟೋಬರ್ 4ರಂದು ಆ ಸೇವೆ ನಿಂತಿತು. ಮೂರು ವಾರದ ಈ ಪ್ರಸಂಗ ನಮ್ಮ ವೃತ್ತಿಯವರಿಗೆ ಕಲಿಸಿದ ಪಾಠ ದೊಡ್ಡದು: ‘ಇಲ್ಲ’ ಅಂತ ಪ್ರಾಮಾಣಿಕವಾಗಿ ಹೇಳೋದೂ ಒಂದು ಸಾರ್ವಜನಿಕ ಸೇವೆ.

ಈಗ ಬಿಲ್ಲಿನ ಕಡೆ ಬರೋಣ. ಡೆನ್ಮಾರ್ಕ್ 2005ರ ಫೆಬ್ರುವರಿ 1ರಿಂದಲೇ ಸರ್ಕಾರಕ್ಕೆ ಬಿಲ್ ಕಳಿಸುವವರೆಲ್ಲ ಎಲೆಕ್ಟ್ರಾನಿಕ್ ರೂಪದಲ್ಲೇ ಕಳಿಸಬೇಕು ಅಂತ ಮಾಡಿತ್ತು. ಒಂದೊಂದು ಸರ್ಕಾರಿ ಕಚೇರಿಗೂ 13 ಅಂಕಿಯ ಒಂದು ನಂಬರ್. ಆಮೇಲೆ ಅಲ್ಲಿ ಬಂದ ನೆಮ್‌ಹಾಂಡೆಲ್ ಜಾಲ ಯಾರು ಎಲ್ಲಿದ್ದಾರೆ ಅನ್ನೋ ಪಟ್ಟಿಯನ್ನು ಇಡೋಕೆ ಯುಡಿಡಿಐ ಅನ್ನೋ ತಂತ್ರ ಬಳಸಿತು. ಅದು 2000ದಲ್ಲಿ ಐಬಿಎಂ, ಮೈಕ್ರೊಸಾಫ್ಟ್, ಅರಿಬಾ ಸೇರಿ ‘ಜಗತ್ತಿನ ಎಲ್ಲ ವ್ಯಾಪಾರಕ್ಕೂ ಒಂದೇ ಡೈರೆಕ್ಟರಿ’ ಅಂತ ಹೊರತಂದ ಕನಸು. ಅದರ ಸಾರ್ವಜನಿಕ ಡೈರೆಕ್ಟರಿಗಳು 2006ರಲ್ಲಿ ಬಾಗಿಲು ಹಾಕಿದವು. ಭಾರೀ ಯಂತ್ರ ಕಟ್ಟಿದ್ದರು, ಬಂದು ಹೆಸರು ಬರೆಸುವವರೇ ಕಮ್ಮಿ.

2008ರಲ್ಲಿ ಯುರೋಪಿನ ಹಲವು ದೇಶ ಸೇರಿ, ನಾರ್ವೆಯ ನೇತೃತ್ವದಲ್ಲಿ, ಪೆಪ್ಪೋಲ್ ಯೋಜನೆ ಶುರು ಮಾಡಿದವು. ಒಂದು ದೇಶದ ವ್ಯಾಪಾರಿ ಇನ್ನೊಂದು ದೇಶದ ಸರ್ಕಾರಕ್ಕೆ ಸುಲಭವಾಗಿ ಬಿಲ್ ಕಳಿಸುವಂತಾಗಬೇಕು ಅನ್ನೋದು ಉದ್ದೇಶ. ಜಾಲದ ವ್ಯವಸ್ಥೆ ನಮ್ಮ ಮೊಬೈಲ್ ಕಂಪನಿಗಳ ಹಾಗೆ. ನೀವು ಜಿಯೊ, ನಾನು ಏರ್‌ಟೆಲ್, ಆದ್ರೂ ಮಾತಾಡ್ತೀವಿ. ಹಾಗೇ ಮಾರುವವರು ತಮ್ಮ ಸೇವಾದಾರರಿಗೆ ಬಿಲ್ ಕೊಡ್ತಾರೆ, ಅವರು ಕೊಳ್ಳುವವರ ಸೇವಾದಾರರಿಗೆ ದಾಟಿಸ್ತಾರೆ, ಅವರು ಕೊಳ್ಳುವವರಿಗೆ ತಲುಪಿಸ್ತಾರೆ. ಕೊಳ್ಳುವವರ ಸೇವಾದಾರರು ಯಾರು, ಅವರು ಯಾವ ಬಗೆಯ ದಾಖಲೆ ತಗೋತಾರೆ ಅನ್ನೋ ವಿವರದ ಚೀಟಿ ಇರೋ ಜಾಗಕ್ಕೆ ಎಸ್‌ಎಂಪಿ ಅಂತ ಹೆಸರು. ಇಂಥ ಎಸ್‌ಎಂಪಿಗಳು ಹಲವಾರು. ಯಾರ ಚೀಟಿ ಯಾವ ಎಸ್‌ಎಂಪಿಯಲ್ಲಿದೆ ಅಂತ ಹೇಳೋಕೆ ಮಾತ್ರ ಒಂದೇ ಒಂದು ಜಾಗ. ಅದು ಎಸ್‌ಎಂಎಲ್. ಇದಕ್ಕಾಗಿ ಅವರು ಹೊಸ ಡೈರೆಕ್ಟರಿ ಕಟ್ಟಲಿಲ್ಲ. ಕಪ್ಪುಪಟ್ಟಿಯವರು, ಫೋನಿನವರು ತುಳಿದ ಹಾದಿಯನ್ನೇ ಹಿಡಿದು ಎಲ್ಲವನ್ನೂ ಡಿಎನ್‌ಎಸ್‌ಗೆ ಹಾಕಿದರು.

ಅದು ಕೆಲಸ ಮಾಡುವ ರೀತಿ ಚೆನ್ನಾಗಿದೆ. ಪ್ರತಿ ಸದಸ್ಯರಿಗೂ ಒಂದು ಗುರುತು ಇರುತ್ತೆ. ಮುಂದೆ ನಾಲ್ಕಂಕಿಯ ಸಂಕೇತ, ನಡುವೆ ಒಂದು ವಿವರಣ ಚಿಹ್ನೆ, ಹಿಂದೆ ದೇಶ ಕೊಟ್ಟ ನೋಂದಣಿ ಸಂಖ್ಯೆ. 0208 ಅಂದ್ರೆ ಬೆಲ್ಜಿಯಂ ಕಂಪನಿ, 0192 ಅಂದ್ರೆ ನಾರ್ವೆ, 0195 ಅಂದ್ರೆ ಸಿಂಗಪುರ. ಈ ಗುರುತನ್ನು ನೇರವಾಗಿ ಡಿಎನ್‌ಎಸ್ ಹೆಸರು ಮಾಡೋಕೆ ತೊಡಕಿದೆ: ಕಂಪ್ಯೂಟರ್ ಹೆಸರಿನೊಳಗೆ ವಿವರಣ ಚಿಹ್ನೆ ಕೂರಲ್ಲ, ಉದ್ದಕ್ಕೂ ಮಿತಿ ಇದೆ. ಅದಕ್ಕೇ ಗುರುತನ್ನು ಎಂಡಿ5 ಅನ್ನೋ ಹ್ಯಾಶ್ ಯಂತ್ರಕ್ಕೆ ಹಾಕಿ ಅರೆದು, ಬಂದ 32 ಅಕ್ಷರದ ಮುಂದೆ ‘ಬಿ’ ಮತ್ತೊಂದು ಅಡ್ಡಗೆರೆ ಸೇರಿಸಿ, ಹಿಂದೆ ಎಸ್‌ಎಂಎಲ್‌ನ ಡೊಮೈನ್ ಅಂಟಿಸಿದರು. ಹಲವು ವರ್ಷ ಆ ಡೊಮೈನ್ ಯುರೋಪಿಯನ್ ಕಮಿಷನ್ನಿನ ಸುಪರ್ದಿಯಲ್ಲಿತ್ತು. ಆ ಹೆಸರು ಕೇಳಿದರೆ ‘ಸಿ-ನೇಮ್’ ಅನ್ನೋ ದಾಖಲೆ ‘ಇವರ ಚೀಟಿ ಇಂಥ ಎಸ್‌ಎಂಪಿಯಲ್ಲಿದೆ, ಅಲ್ಲಿಗೆ ಹೋಗಿ’ ಅನ್ನುತ್ತಿತ್ತು. ‘ಹೆಸರೇ ಇಲ್ಲ’ ಅಂದರೆ ಆ ಗುರುತಿನವರು ಜಾಲದಲ್ಲಿ ನೋಂದಾಯಿಸಿಲ್ಲ. ಅಷ್ಟೇ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಅರ್ಜಿ ಬೇಡ. ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್‌ನಿಂದಲೇ ಕೇಳಬಹುದು.

ಇದರಲ್ಲೊಂದು ಚುರುಕುತನ ಇದೆ. ಒಂದು ಡಿಎನ್‌ಎಸ್ ಹೆಸರಿಗೆ ಒಂದೇ ಸಿ-ನೇಮ್ ಇರೋಕೆ ಸಾಧ್ಯ. ಆದ್ದರಿಂದ ಒಬ್ಬ ಸದಸ್ಯರು ಒಂದೇ ಎಸ್‌ಎಂಪಿಯಲ್ಲಿರೋಕೆ ಸಾಧ್ಯ. ನಿಯಮವನ್ನು ಕಾಗದದ ಮೇಲೆ ಬರೆದು ಕಾವಲು ಕಾಯುವ ಬದಲು ತಂತ್ರವೇ ಕಾಯುತ್ತೆ. ಆದ್ರೆ ಇದರ ಬಿಸಿ ಸಣ್ಣವರಿಗೂ ತಟ್ಟುತ್ತೆ. ನಾವು ಕೆಲಸ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ ಹೊಸ ಸೇವಾದಾರರ ಹತ್ತಿರ ಹೋದಾಗ ‘ನೀವು ಈಗಾಗಲೇ ನೋಂದಣಿ ಆಗಿದ್ದೀರಿ’ ಅಂತ ಬಂತು. ಅವರ ಹಳೆಯ ಬಿಲ್ಲಿಂಗ್ ತಂತ್ರಾಂಶದವರು ಯಾವತ್ತೋ ನೋಂದಾಯಿಸಿದ್ದರು. ಹಳಬರು ವರ್ಗಾವಣೆಯ ಸಂಕೇತ ಕೊಡುವ ತನಕ ಬಂದ ಬಿಲ್ಲುಗಳೆಲ್ಲ ಯಾರೂ ತೆರೆಯದ ಹಳೆಯ ಪೆಟ್ಟಿಗೆಗೇ ಹೋಗುತ್ತಿದ್ದವು. ಡಿಎನ್‌ಎಸ್ ಪ್ರಕಾರ ಅವರು ‘ಇದ್ದರು’. ಬಿಲ್ ಕಳಿಸಿದವರು ದುಡ್ಡಿಗೆ ಕಾಯುತ್ತಲೇ ಇದ್ದರು. ‘ಇದ್ದಾರೆ’ ಅಂದ್ರೆ ಚೀಟಿ ಇದೆ ಅಂತ ಮಾತ್ರ. ಅವರು ಇನ್‌ವಾಯ್ಸ್ ತಗೋತಾರಾ, ಯಾವ ಬಗೆಯದ್ದು ತಗೋತಾರಾ ಅಂತ ತಿಳಿಯೋಕೆ ಎಸ್‌ಎಂಪಿಗೆ ಹೋಗಿ ಆ ಚೀಟಿಯನ್ನೇ ಓದಬೇಕು. ಯಾರಾದರೂ ಅದನ್ನ ನೋಡಿಕೊಳ್ತಿದ್ದಾರಾ ಅಂತ ಯಾವ ಸರ್ವರೂ ಹೇಳಲ್ಲ.

ಇನ್ನು ‘ಇಲ್ಲ’ದ ಕತೆ. 1998ರಲ್ಲಿ ಡಿಎನ್‌ಎಸ್‌ಗೆ ಒಂದು ನಿಯಮ ಸೇರಿತು: ‘ಇಲ್ಲ’ ಅನ್ನೋ ಉತ್ತರವನ್ನೂ ನೆನಪಿಟ್ಟುಕೊಳ್ಳಬೇಕು. ಇಲ್ಲದ ಹೆಸರನ್ನೇ ಸಾವಿರ ಸಲ ಕೇಳಿ ಯಜಮಾನ ಸರ್ವರನ್ನು ಸುಸ್ತು ಮಾಡಬಾರದು ಅಂತ. ಎಷ್ಟು ಹೊತ್ತು ನೆನಪಿಡಬೇಕು ಅನ್ನೋದನ್ನ ಯಜಮಾನರು ಹೇಳ್ತಾರೆ. ಒಂದರಿಂದ ಮೂರು ಗಂಟೆ ಸರಿಹೋಗುತ್ತೆ ಅಂತ ಆ ದಾಖಲೆಯೇ ಸೂಚಿಸುತ್ತೆ. ಇದರ ಪರಿಣಾಮ ನೋಡಿ. ಹತ್ತು ಗಂಟೆಗೆ ನಾನು ಕೇಳಿದೆ, ‘ಇಲ್ಲ’ ಅಂತ ಬಂತು. ಹತ್ತೂ ಐದಕ್ಕೆ ಗಿರಾಕಿ ನೋಂದಾಯಿಸಿದರು. ಹತ್ತೂ ಹತ್ತಕ್ಕೆ ಮತ್ತೆ ಕೇಳಿದರೆ ನನ್ನ ಪಕ್ಕದ ಸರ್ವರ್ ಹಳೆಯ ‘ಇಲ್ಲ’ವನ್ನೇ ಹೇಳಬಹುದು. ‘ಈಗಷ್ಟೇ ಮಾಡಿದ್ವಿ, ಕಾಣ್ತಿಲ್ಲ’ ಅನ್ನುವ ಗಿರಾಕಿಗಳ ಫೋನ್‌ಗೆ ಅನೇಕ ಸಲ ಉತ್ತರ ಇಷ್ಟೇ: ‘ಊಟ ಮಾಡಿ ಬನ್ನಿ, ಆಮೇಲೆ ನೋಡಿ.’

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಒಮ್ಮೆ ಕೇಳಿದಳು, “ಟೈಮ್‌ಔಟ್ ಆದ್ರೂ ‘ಇಲ್ಲ’ ಅಂತಾನೇ ರಿಟರ್ನ್ ಮಾಡಿದ್ರೆ ಸಾಕಲ್ವಾ? ಹೇಗಿದ್ರೂ ಬಿಲ್ ಕಳಿಸೋಕಾಗಲ್ಲ.” ಪ್ರಶ್ನೆ ಸಹಜವಾದದ್ದೇ. ಆದ್ರೆ ಬೆಲ್ಜಿಯಂನ ನಿಯಮ ನೆನಪಿಸಿಕೊಳ್ಳಿ. ತಂತ್ರಾಂಶ ‘ಗಿರಾಕಿ ಇಲ್ಲ’ ಅಂದುಕೊಂಡರೆ ಏನು ಮಾಡುತ್ತೆ? ಪಿಡಿಎಫ್ ಮಾಡಿ ಮೇಲ್ ಕಳಿಸಿ ಸುಮ್ಮನಾಗುತ್ತೆ. ಗಿರಾಕಿ ನಿಜವಾಗಿ ಜಾಲದಲ್ಲಿದ್ದರೆ ಆ ಮೇಲ್ ಕಾನೂನಿನ ಪ್ರಕಾರ ಕೊಡಬೇಕಾಗಿದ್ದ ಬಿಲ್ ಅಲ್ಲ. ಎಲ್ಲೋ ಒಬ್ಬ ಕೊಳಾಯಿ ರಿಪೇರಿಯವನ ಬಿಲ್ಲು ಎರಡು ಸೆಕೆಂಡಿನ ನೆಟ್‌ವರ್ಕ್ ತೊಂದರೆಗೆ ನಿಯಮಬಾಹಿರ ಆಯ್ತು, ಪಾವತಿಯ ದಿನ ಮುಂದಕ್ಕೆ ಹೋಯ್ತು. ಅವನಿಗೆ ಡಿಎನ್‌ಎಸ್ ಅನ್ನೋ ಪದವೂ ಗೊತ್ತಿರಲ್ಲ. ‘ರಸ್ತೆ ಮುಳುಗಿತ್ತು’ ಅನ್ನೋದನ್ನ ‘ಮನೆಯೇ ಇಲ್ಲ’ ಅಂತ ಬರೆದುಕೊಂಡ ಅಂಚೆಯಣ್ಣನ ಕತೆ ಇದು.

ಇನ್ನೊಂದು ಕಡೆಯಿಂದಲೂ ತೊಂದರೆ ಬರಬಹುದು. ಸೈಟ್ ಫೈಂಡರ್ ನಿಂತರೂ ಅದರ ಬುದ್ಧಿ ನಿಲ್ಲಲಿಲ್ಲ. ಇಲ್ಲದ ಹೆಸರಿಗೆ ತಮ್ಮ ಜಾಹೀರಾತಿನ ಪುಟದ ವಿಳಾಸ ಕೊಡುವ ಇಂಟರ್ನೆಟ್ ಸೇವಾದಾರರು ಹಲವು ದೇಶಗಳಲ್ಲಿ ಬಂದರು. ಅಂಥವರ ಕನೆಕ್ಷನ್ನಿನಲ್ಲಿ ಕೂತು ‘ಹೆಸರಿಗೆ ವಿಳಾಸ ಬಂತಾ’ ಅಂತಷ್ಟೇ ನೋಡಿದರೆ ಜಗತ್ತಿನ ಪ್ರತಿ ಕಂಪನಿಯೂ ಪೆಪ್ಪೋಲ್ ಸದಸ್ಯನೇ! 2008ರಲ್ಲಿ ಡ್ಯಾನ್ ಕಮಿನ್ಸ್ಕಿ ಡಿಎನ್‌ಎಸ್ ಸರ್ವರ್‌ಗಳ ನೆನಪಿನೊಳಗೆ ಸುಳ್ಳು ಉತ್ತರ ತುರುಕೋದು ಎಷ್ಟು ಸುಲಭ ಅಂತ ತೋರಿಸಿ ಎಲ್ಲರ ನಿದ್ದೆಗೆಡಿಸಿದರು. ಉತ್ತರಕ್ಕೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಅನ್ನೋ ವ್ಯವಸ್ಥೆಗೆ ಆಮೇಲೆ ಬಲ ಬಂತು. ಅಲ್ಲೂ ಕಷ್ಟ ಕೊಟ್ಟದ್ದು ‘ಇಲ್ಲ’ವೇ. ಇರೋದಕ್ಕೆ ಸಹಿ ಹಾಕಬಹುದು. ಇಲ್ಲದ್ದಕ್ಕೆ ಹೇಗೆ ಸಹಿ ಹಾಕೋದು? ‘ಈ ಹೆಸರಾದ ಮೇಲೆ ನೇರ ಆ ಹೆಸರು, ನಡುವೆ ಏನೂ ಇಲ್ಲ’ ಅಂತ ಸಹಿ ಹಾಕಿದರು. ಆದ್ರೆ ಹಾಗೆ ಒಂದೊಂದೇ ಹೆಸರು ಹಿಡಿದು ಹೋದರೆ ಪೂರ್ತಿ ಪಟ್ಟಿಯೇ ಹೊರಗೆ ಬರುತ್ತಿತ್ತು. ಅದಕ್ಕೇ 2008ರಲ್ಲಿ ಹೆಸರುಗಳನ್ನು ಹ್ಯಾಶ್ ಮಾಡಿ ಸಹಿ ಹಾಕುವ ರೂಪ ತಂದರು.

ಪೆಪ್ಪೋಲ್‌ನ ಹ್ಯಾಶ್ ಕೂಡ ನೋಡೋಕೆ ಗುಟ್ಟಿನ ಹಾಗಿದೆ, ಆದ್ರೆ ಗುಟ್ಟಲ್ಲ. ನೋಂದಣಿ ಸಂಖ್ಯೆಗಳು ಸರ್ಕಾರದ ಸಾರ್ವಜನಿಕ ಪಟ್ಟಿಯಲ್ಲೇ ಇರುತ್ತವೆ. ಒಂದೊಂದನ್ನೇ ಅರೆದು ಕೇಳುತ್ತ ಹೋದರೆ ಯಾರಿದ್ದಾರೆ, ಯಾರಿಲ್ಲ ಅಂತ ಯಾರು ಬೇಕಾದರೂ ಪಟ್ಟಿ ಮಾಡಬಹುದು. ಬಾಗಿಲು ತೆರೆದಿಟ್ಟ ಮೇಲೆ ಯಾರು ಬಂದರು ಅಂತ ಕೇಳೋ ಹಾಗಿಲ್ಲ.

ಎಂಡಿ5ಗೂ ವಯಸ್ಸಾಯಿತು. 1992ರಲ್ಲಿ ಪ್ರಕಟವಾದ ಅದರಲ್ಲಿ ಎರಡು ಬೇರೆ ಬೇರೆ ದಾಖಲೆಗೆ ಒಂದೇ ಹ್ಯಾಶ್ ಬರಿಸಬಹುದು ಅಂತ 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ತೋರಿಸಿದ್ದರು. ಸಿ-ನೇಮ್‌ಗೂ ಒಂದು ಕೊರತೆ ಇತ್ತು: ಅದು ಕಂಪ್ಯೂಟರಿನ ಹೆಸರು ಹೇಳುತ್ತೆಯೇ ಹೊರತು ಪೂರ್ತಿ ವೆಬ್ ವಿಳಾಸ ಹೇಳಲ್ಲ. ಹಾಗಾಗಿ ಬೀಗವಿಲ್ಲದ ಹಳೆಯ ಎಚ್‌ಟಿಟಿಪಿಯಲ್ಲೇ ನಿಲ್ಲಬೇಕಿತ್ತು. ಇಲ್ಲಿಗೆ ಬಂದದ್ದು ಈನಮ್ ಕಾಲದ ನ್ಯಾಪ್ಟರ್. 2017ರಲ್ಲಿ ಓಯಸಿಸ್ ಸಂಸ್ಥೆ ಅದನ್ನು ಬಳಸುವ ಮಾನದಂಡ ಹೊರತಂದಿತು. ಹೊಸ ಹ್ಯಾಶ್ ಎಸ್‌ಎಚ್‌ಎ-256.

ಇಲ್ಲೊಂದು ಮಜಾ ಲೆಕ್ಕ ಇದೆ. ನಮ್ಮ ಜಿಎಸ್‌ಟಿ ಇ-ಇನ್‌ವಾಯ್ಸಿನ ಮೇಲೆ ಬರುವ ಐಆರ್‌ಎನ್ ನೋಡಿದ್ದೀರಲ್ಲ, ಅದೂ ಎಸ್‌ಎಚ್‌ಎ-256, 64 ಅಕ್ಷರ. ಡಿಎನ್‌ಎಸ್‌ನಲ್ಲಿ ಎರಡು ಚುಕ್ಕಿಗಳ ನಡುವಿನ ಹೆಸರು 63 ಅಕ್ಷರ ಮೀರೋ ಹಾಗಿಲ್ಲ. ಒಂದೇ ಅಕ್ಷರ ಹೆಚ್ಚು! ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನೂ ಡಿಎನ್‌ಎಸ್ ನೋಡದ ಕಾರಣ ಬೇಸ್64 ಬರಹವೂ ಆಗಲ್ಲ. ಬೇಸ್32ರಲ್ಲಿ ಬರೆದರೆ 52 ಅಕ್ಷರ, ಸರಿಯಾಗಿ ಕೂರುತ್ತೆ. ಹೊಸ ಹೆಸರುಗಳು ಹಾಗೇ ಇವೆ. ಇದರರ್ಥ, ಹಳೆಯ ಹೆಸರುಗಳನ್ನು ತೆಗೆದ ಮೇಲೆ ಹಳೆಯ ತಂತ್ರಾಂಶ ಎಂಡಿ5 ಹೆಸರಲ್ಲೇ ಕೇಳಿದರೆ ಯಜಮಾನ ಸರ್ವರೇ ಖುದ್ದಾಗಿ, ನಿಜವಾಗಿ, ‘ಹೆಸರೇ ಇಲ್ಲ’ ಅನ್ನುತ್ತೆ. ಉತ್ತರ ಸರಿ. ಪ್ರಶ್ನೆ ಹಳೆಯದು. ಜಾಲದಲ್ಲಿರುವ ಎಲ್ಲರೂ ಒಮ್ಮೆಲೇ ಮಾಯ.

ನಮ್ಮಲ್ಲಿ ಈ ಪ್ರಶ್ನೆಯೇ ಏಳಲ್ಲ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಂದ ಶುರುವಾಗಿ 2023ರ ಆಗಸ್ಟ್‌ಗೆ 5 ಕೋಟಿಯವರ ತನಕ ಬಂದ ನಮ್ಮ ಇ-ಇನ್‌ವಾಯ್ಸ್ ಹೋಗೋದು ಪೋರ್ಟಲ್‌ಗೆ. ಪೋರ್ಟಲ್ ಮುದ್ರೆ ಒತ್ತಿದರೆ ಬಿಲ್ ಸಿಂಧು. ಕೊಳ್ಳುವವರು ಯಾವ ಜಾಲದಲ್ಲೂ ಇರಬೇಕಿಲ್ಲ, ಜಿಎಸ್‌ಟಿ ನಂಬರ್ ಸರಿ ಇದ್ದರೆ ಸಾಕು. ಇಲ್ಲಿ ‘ಇಲ್ಲ’ ಅನ್ನೋರು ಒಬ್ಬರೇ, ಹೋಗಿ ಜಗಳ ಆಡೋಕೆ ಒಂದು ವಿಳಾಸ ಇದೆ. ಪೆಪ್ಪೋಲ್‌ನಲ್ಲಿ ‘ಇಲ್ಲ’ ಅನ್ನೋ ಮಾತು ಯಜಮಾನ ಸರ್ವರ್, ನಡುವಿನ ನೆನಪು, ನನ್ನ ಕೋಡು, ಇಷ್ಟೂ ಜನರ ಬಾಯಿ ದಾಟಿ ಬರುತ್ತೆ. ನಡುವೆ ಯಾರು ಬೇಕಾದರೂ ತಿರುಚಬಹುದು, ಮರೆಯಬಹುದು, ತಪ್ಪು ಕೇಳಿಸಿಕೊಳ್ಳಬಹುದು. ಆದ್ರೆ ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ ಅದು. 2018ರಲ್ಲಿ ಸಿಂಗಪುರ ಯುರೋಪಿನ ಹೊರಗಿಂದ ಮೊದಲಿಗನಾಗಿ ಪೆಪ್ಪೋಲ್ ಸೇರಿದಾಗ ಅದಕ್ಕೆ ಹೊಸ ಡೈರೆಕ್ಟರಿ ಕಟ್ಟಬೇಕಾಗಲಿಲ್ಲ; ವಿಳಾಸ ಪುಸ್ತಕ ಅಲ್ಲಿ ಆಗಲೇ ಇತ್ತು. ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆ ಅಂದ್ರೆ ಕೇಳುವವರ ಎಚ್ಚರ.

ಆ ಹುಡುಗಿಗೆ ಈ ಕತೆಯನ್ನ ಕಾಫಿ ಕುಡೀತಾ ಹೇಳಿದೆ, ಇಷ್ಟು ಉದ್ದಕ್ಕಲ್ಲ. ಅವಳು ಬರೆದ ಹತ್ತು ಸಾಲು ಈಗ ಮೂವತ್ತಾಗಿದೆ. ಉತ್ತರ ಮೂರು: ಇದ್ದಾರೆ, ಇಲ್ಲ, ಗೊತ್ತಿಲ್ಲ. ‘ಇಲ್ಲ’ ಅನ್ನೋಕೆ ಅಧಿಕೃತ ಎನ್‌ಎಕ್ಸ್‌ಡೊಮೈನ್ ಬಂದಿರಲೇಬೇಕು. ‘ಗೊತ್ತಿಲ್ಲ’ ಅಂತ ಬಂದರೆ ಬಿಲ್ಲನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೆ. ಆಗಲೂ ಗೊತ್ತಾಗದಿದ್ದರೆ ಒಬ್ಬ ಮನುಷ್ಯನಿಗೆ ಹೇಳುತ್ತೆ. ರಿವ್ಯೂ ಮಾಡಿದವರೊಬ್ಬರು ‘ಇಷ್ಟೆಲ್ಲ ಬೇಕಾ’ ಅಂತ ಕಮೆಂಟ್ ಹಾಕಿದ್ದರು. ಅದರ ಕೆಳಗೆ ಅವಳು ಒಂದೇ ಸಾಲು ಬರೆದಿದ್ದಳು: ‘ಹೌದು, ಇದು ಯಾರದ್ದೋ ಸಂಬಳ.’